ವಿದೇಶ ವ್ಯಾಸಂಗದ ವೀಸಾ: ಬದಲಾದ ನಿಯಮಗಳು, ಮನೆಯ ಲೆಕ್ಕಾಚಾರ



ಹಗಲು ಹೋಟೆಲು, ಕ್ಯಾಂಟೀನುಗಳಲ್ಲಿ ದುಡಿದು, ಇರುಳು ಕನ್ನಡ ರಾತ್ರಿ ಶಾಲೆಗಳಲ್ಲಿ ಅಕ್ಷರ ಕಲಿತು ಮುಂಬಯಿಯಲ್ಲಿ ನೆಲೆ ಕಂಡುಕೊಂಡ ಹಿರಿಯರ ಪೀಳಿಗೆಯೊಂದು ನಮ್ಮಲ್ಲಿತ್ತು. ಅವರ ಮಕ್ಕಳು ಬ್ಯಾಂಕು, ವಿಮೆ, ರೈಲ್ವೆ ಮತ್ತು ಖಾಸಗಿ ಕಂಪೆನಿಗಳಲ್ಲಿ ಉದ್ಯೋಗ ಪಡೆದರು. ಈಗ ಮೂರನೆಯ ಪೀಳಿಗೆಯವರು ಉನ್ನತ ವ್ಯಾಸಂಗಕ್ಕಾಗಿ ಕಡಲಾಚೆಯ ದೇಶಗಳತ್ತ ಮುಖ ಮಾಡಿದ್ದಾರೆ. ಇದು ಸಂತೋಷದ ಸಂಗತಿಯೇ ಸರಿ. ಆದರೆ ಕಳೆದ ಮೂರು ನಾಲ್ಕು ವರ್ಷಗಳಲ್ಲಿ ಆ ದೇಶಗಳ ವೀಸಾ ನಿಯಮಗಳು ಎಷ್ಟು ಬದಲಾಗಿವೆ ಎಂಬುದರ ಅರಿವು ನಮ್ಮ ಅನೇಕ ಕುಟುಂಬಗಳಿಗೆ ಇನ್ನೂ ಪೂರ್ಣವಾಗಿ ಆಗಿಲ್ಲ. ಬ್ಯಾಂಕಿನ ಮೇಜಿನ ಈಚೆ ಕುಳಿತು ಕೆಲಸ ಮಾಡುವ ನಮ್ಮಂಥವರಿಗೆ ಇದು ದಿನನಿತ್ಯ ಕಣ್ಣಿಗೆ ಬೀಳುವ ವಿಷಯ. ಆದ್ದರಿಂದ ಈ ಬಗ್ಗೆ ಕೆಲವು ಮಾತುಗಳನ್ನು ಹಂಚಿಕೊಳ್ಳಬಯಸುತ್ತೇವೆ.

ಎಲ್ಲ ಬದಲಾವಣೆಗಳ ತಿರುಳನ್ನು ಒಂದೇ ಮಾತಿನಲ್ಲಿ ಹೇಳಬಹುದು. ಮೊದಲು ಖಾತೆಯಲ್ಲಿ ಹಣ ಎಷ್ಟಿದೆ ಎಂಬ ಪ್ರಶ್ನೆಯೇ ದೊಡ್ಡದಾಗಿತ್ತು. ಈಗ ಆ ಹಣ ಯಾರದು, ಎಲ್ಲಿಂದ ಬಂತು, ಎಷ್ಟು ದಿನಗಳಿಂದ ಇದೆ ಎಂಬ ಪ್ರಶ್ನೆಗಳೂ ಅಷ್ಟೇ ದೊಡ್ಡವಾಗಿವೆ.

ಏರಿದ ಮೊತ್ತಗಳು

ಕೆನಡಾ ದೇಶವು ವಿದ್ಯಾರ್ಥಿಯ ಒಂದು ವರ್ಷದ ಜೀವನವೆಚ್ಚಕ್ಕೆಂದು ಬಹುಕಾಲ 10,000 ಕೆನಡಾ ಡಾಲರುಗಳನ್ನು ಮಾತ್ರ ಕೇಳುತ್ತಿತ್ತು. 2024ರ ಜನವರಿ 1ರಂದು ಅದು 20,635 ಡಾಲರಿಗೂ, 2025ರ ಸೆಪ್ಟೆಂಬರ್ 1ರಂದು 22,895 ಡಾಲರಿಗೂ ಏರಿತು. ಮೊದಲ ವರ್ಷದ ಶುಲ್ಕ ಮತ್ತು ಪ್ರಯಾಣದ ಖರ್ಚು ಇದಕ್ಕೆ ಹೊರತು. ಭಾರತೀಯ ವಿದ್ಯಾರ್ಥಿಗಳ ಅರ್ಜಿಗಳು ಬೇಗ ಇತ್ಯರ್ಥವಾಗುತ್ತಿದ್ದ ಎಸ್‌ಡಿಎಸ್ ಎಂಬ ತ್ವರಿತ ವ್ಯವಸ್ಥೆಯು 2024ರ ನವೆಂಬರ್ 8ರಂದು ಕೊನೆಗೊಂಡಿತು.

ಬ್ರಿಟನ್ನಿನಲ್ಲಿ 2025ರ ನವೆಂಬರ್ 11ರಿಂದ ಲಂಡನ್ನಿನಲ್ಲಿ ಓದುವವರು ತಿಂಗಳಿಗೆ 1,529 ಪೌಂಡಿನಂತೆ, ಲಂಡನ್ನಿನ ಹೊರಗೆ ಓದುವವರು 1,171 ಪೌಂಡಿನಂತೆ ಗರಿಷ್ಠ ಒಂಬತ್ತು ತಿಂಗಳ ವೆಚ್ಚವನ್ನು ತೋರಿಸಬೇಕೆಂದಾಯಿತು. ಒಟ್ಟು ಮಾಡಿದರೆ ಕ್ರಮವಾಗಿ 13,761 ಮತ್ತು 10,539 ಪೌಂಡುಗಳು. ಮೊದಲ ವರ್ಷದ ಶುಲ್ಕದಲ್ಲಿ ಕಟ್ಟಲು ಉಳಿದಿರುವ ಮೊತ್ತವನ್ನೂ ಇದಕ್ಕೆ ಕೂಡಿಸಬೇಕು.

ಆಸ್ಟ್ರೇಲಿಯಾ 2024ರ ಮೇ 10ರಂದು ಈ ಮೊತ್ತವನ್ನು 29,710 ಆಸ್ಟ್ರೇಲಿಯಾ ಡಾಲರಿಗೆ ಏರಿಸಿತು. ಅಲ್ಲಿನ ವಿದ್ಯಾರ್ಥಿ ವೀಸಾದ ಅರ್ಜಿಶುಲ್ಕವು 2024ರ ಜುಲೈ 1ರಂದು 710 ಡಾಲರಿನಿಂದ 1,600 ಡಾಲರಿಗೂ, ಒಂದು ವರ್ಷದ ಬಳಿಕ 2,000 ಡಾಲರಿಗೂ ಏರಿತು. ವೀಸಾ ನಿರಾಕರಿಸಲ್ಪಟ್ಟರೆ ಈ ಶುಲ್ಕ ಹಿಂದಿರುಗುವುದಿಲ್ಲ. ಜರ್ಮನಿಯಲ್ಲಿ 2024ರ ಸೆಪ್ಟೆಂಬರಿನಿಂದ ವರ್ಷಕ್ಕೆ 11,904 ಯೂರೋಗಳನ್ನು ನಿರ್ಬಂಧಿತ ಖಾತೆಯಲ್ಲಿ ಇರಿಸಬೇಕೆಂದಾಯಿತು. ಅದನ್ನು ತಿಂಗಳಿಗೆ 992 ಯೂರೋಗಳಂತೆ ಮಾತ್ರ ತೆಗೆಯಲು ಸಾಧ್ಯ. ಇದಲ್ಲದೆ ಭಾರತೀಯ ವಿದ್ಯಾರ್ಥಿಗಳ ಅಂಕಪಟ್ಟಿಗಳನ್ನು ಪರಿಶೀಲಿಸಿ ನೀಡುವ ಎಪಿಎಸ್ ಪ್ರಮಾಣಪತ್ರವನ್ನು 2022ರ ನವೆಂಬರ್ 1ರಿಂದ ಕಡ್ಡಾಯಗೊಳಿಸಲಾಗಿದೆ.

ಎರವಲು ಹಣದ ಅಪಾಯ

ನಮ್ಮ ಸಮಾಜದಲ್ಲಿ ಒಬ್ಬರಿಗೊಬ್ಬರು ಒದಗುವ ಸದ್ಗುಣ ಹಿಂದಿನಿಂದಲೂ ಇದೆ. ಮದುವೆಗೆ, ಮನೆ ಕಟ್ಟುವುದಕ್ಕೆ, ಮಕ್ಕಳ ಓದಿಗೆ ಸೋದರಮಾವನೋ ಚಿಕ್ಕಪ್ಪನೋ ಮುಂದೆ ಬರುತ್ತಾರೆ. ಇದೇ ರೂಢಿಯಂತೆ ವೀಸಾ ಅರ್ಜಿಯ ಸಮಯದಲ್ಲಿ ಹದಿನೈದು ದಿನಗಳ ಮಟ್ಟಿಗೆ ನೆಂಟರಿಂದ ಹಣ ತಂದು ಖಾತೆಗೆ ಜಮಾ ಮಾಡಿ, ಬ್ಯಾಂಕಿನಿಂದ ಪತ್ರ ಪಡೆದು, ಅನಂತರ ಹಿಂದಿರುಗಿಸುವ ಪದ್ಧತಿ ಬೆಳೆದುಬಂದಿದೆ. ಈ ಪದ್ಧತಿಯು ಇಂದು ವಿದ್ಯಾರ್ಥಿಯ ಭವಿಷ್ಯಕ್ಕೇ ಮುಳುವಾಗಬಲ್ಲುದು.

ಬ್ರಿಟನ್ನಿನ ನಿಯಮದಂತೆ ಪೂರ್ಣ ಮೊತ್ತವು ಸತತ 28 ದಿನಗಳ ಕಾಲ ಖಾತೆಯಲ್ಲಿರಬೇಕು. ನಡುವೆ ಒಂದೇ ಒಂದು ದಿನ ಅದು ಕಡಿಮೆಯಾದರೂ ಎಣಿಕೆ ಮತ್ತೆ ಮೊದಲಿನಿಂದ ಆರಂಭ. ಖಾತೆಯು ವಿದ್ಯಾರ್ಥಿಯ ಹೆಸರಿನಲ್ಲೋ ತಂದೆತಾಯಿಯರ ಇಲ್ಲವೇ ಕಾನೂನುಬದ್ಧ ಪೋಷಕರ ಹೆಸರಿನಲ್ಲೋ ಇರಬೇಕು. ಚಿಕ್ಕಪ್ಪನ ಖಾತೆ ಎಷ್ಟೇ ತುಂಬಿದ್ದರೂ ಪ್ರಯೋಜನವಿಲ್ಲ. ಷೇರು, ಬಾಂಡುಗಳನ್ನೂ ಅಲ್ಲಿ ಲೆಕ್ಕಕ್ಕೆ ಹಿಡಿಯುವುದಿಲ್ಲ. ಕೆನಡಾ ನಾಲ್ಕು ತಿಂಗಳ ಖಾತೆಯ ವಿವರಗಳನ್ನು ನೋಡುತ್ತದೆ. ತಿಂಗಳಿಗೆ ಐವತ್ತು ಸಾವಿರ ರೂಪಾಯಿ ಸಂಬಳ ಬೀಳುವ ಖಾತೆಗೆ ಹಠಾತ್ತನೆ ಇಪ್ಪತ್ತು ಲಕ್ಷ ಬಂದು ಸೇರಿದರೆ, ಅದು ಎಲ್ಲಿಂದ ಬಂತೆಂದು ಪರಿಶೀಲಿಸುವ ಅಧಿಕಾರಿ ಕೇಳದೆ ಇರುವುದಿಲ್ಲ.

ನೆಂಟರ ನೆರವನ್ನು ಪಡೆಯಲೇಬಾರದೆಂದು ಇದರ ಅರ್ಥವಲ್ಲ. ಅದು ನಿಜವಾದ ಕೊಡುಗೆಯಾಗಿದ್ದರೆ ಸಾಕಷ್ಟು ಮುಂಚಿತವಾಗಿ ಬ್ಯಾಂಕಿನ ಮೂಲಕವೇ ಬರಲಿ, ದಾನಪತ್ರವಿರಲಿ, ಕೊಟ್ಟವರ ಆದಾಯದ ದಾಖಲೆಯೂ ಜೊತೆಗಿರಲಿ. ಸುಳ್ಳು ದಾಖಲೆ ನೀಡಿದುದು ಸಾಬೀತಾದರೆ ಕೆನಡಾ ಐದು ವರ್ಷ, ಬ್ರಿಟನ್ ಹತ್ತು ವರ್ಷಗಳವರೆಗೆ ಬಾಗಿಲು ಮುಚ್ಚಬಲ್ಲವು. ಕಾಗದಪತ್ರಗಳನ್ನು ಏಜೆಂಟರೇ ಸಿದ್ಧಪಡಿಸಿದ್ದರೂ ಅದರ ಹೊಣೆ ಸಹಿ ಹಾಕಿದ ವಿದ್ಯಾರ್ಥಿಯದೇ. ನಕಲಿ ಪ್ರವೇಶಪತ್ರಗಳ ಹಾವಳಿಯಿಂದಾಗಿ 2023ರ ಡಿಸೆಂಬರ್ 1ರಿಂದ ಕೆನಡಾ ಸರಕಾರವು ಪ್ರವೇಶಪತ್ರದ ಸಾಚಾತನವನ್ನು ಆಯಾ ಕಾಲೇಜಿನಿಂದಲೇ ನೇರವಾಗಿ ಖಚಿತಪಡಿಸಿಕೊಳ್ಳುತ್ತಿದೆ.

ಸಾಲ ಮತ್ತು ಆಧಾರ

ಬ್ಯಾಂಕಿನ ಶಿಕ್ಷಣ ಸಾಲವು ಹಣದ ಮೂಲದ ಪ್ರಶ್ನೆಗೆ ನೇರವಾದ ಉತ್ತರವೆಂದು ನಮ್ಮ ಅಭಿಪ್ರಾಯ. ಆದರೆ ಏಳೂವರೆ ಲಕ್ಷ ರೂಪಾಯಿಗಳಿಗೆ ಮೇಲ್ಪಟ್ಟ ಸಾಲಕ್ಕೆ ಸಾಮಾನ್ಯವಾಗಿ ಆಸ್ತಿಯ ಆಧಾರ ಬೇಕಾಗುತ್ತದೆ. ಕೆಲವು ಆಯ್ದ ವಿಶ್ವವಿದ್ಯಾಲಯಗಳಿಗೆ ಮಾತ್ರ ವಿನಾಯಿತಿಯುಂಟು. ಊರಿನ ಗದ್ದೆ ತೋಟಗಳನ್ನು ಬ್ಯಾಂಕುಗಳು ಸಾಮಾನ್ಯವಾಗಿ ಇಂಥ ಸಾಲಕ್ಕೆ ಆಧಾರವಾಗಿ ಒಪ್ಪುವುದಿಲ್ಲ. ಪಾಲಾಗದ ಕುಟುಂಬದ ಆಸ್ತಿಯಾದರೆ ತೊಡಕು ಇನ್ನೂ ಹೆಚ್ಚು. ಮುಂಬಯಿಯ ಫ್ಲ್ಯಾಟನ್ನು ಅಡವಿಡಬೇಕಾದರೆ ಹೌಸಿಂಗ್ ಸೊಸೈಟಿಯ ನಿರಾಕ್ಷೇಪಣಾ ಪತ್ರ ಬೇಕು. ತೀರಿಕೊಂಡ ತಂದೆಯ ಹೆಸರಿನಲ್ಲಿಯೇ ಷೇರು ಸರ್ಟಿಫಿಕೇಟು ಉಳಿದಿದ್ದರೆ ಅದನ್ನು ಸರಿಪಡಿಸಲು ತಿಂಗಳುಗಳೇ ಹಿಡಿಯುತ್ತವೆ.

ಮರುಪಾವತಿಯ ಲೆಕ್ಕವನ್ನೂ ಹೊಸದಾಗಿ ಹಾಕಬೇಕಾಗಿದೆ. ಬ್ರಿಟನ್ನಿನಲ್ಲಿ ಪದವಿಯ ನಂತರ ಉದ್ಯೋಗಕ್ಕಾಗಿ ಉಳಿಯಬಹುದಾದ ಅವಧಿಯು, 2027ರ ಜನವರಿ 1ರಿಂದ ಅರ್ಜಿ ಸಲ್ಲಿಸುವವರಿಗೆ, ಎರಡು ವರ್ಷಗಳಿಂದ ಹದಿನೆಂಟು ತಿಂಗಳಿಗೆ ಇಳಿಯಲಿದೆಯೆಂದು ಅಲ್ಲಿನ ಸರಕಾರ ಪ್ರಕಟಿಸಿದೆ. ಪಿಎಚ್.ಡಿ. ಪಡೆದವರಿಗೆ ಮೂರು ವರ್ಷಗಳ ಅವಧಿ ಮುಂದುವರಿಯುತ್ತದೆ. ಅಲ್ಲಿ ಗಳಿಸಿ ಇಲ್ಲಿಯ ಸಾಲ ತೀರಿಸಬಹುದೆಂಬ ಒಂದೇ ನಂಬಿಕೆಯ ಮೇಲೆ ಇರುವ ಮನೆಯನ್ನು ಅಡವಿಡುವ ಮುನ್ನ ಕುಟುಂಬದವರೆಲ್ಲ ಒಟ್ಟಾಗಿ ಕುಳಿತು ವಿಚಾರಿಸುವುದು ಒಳಿತು. ಕೆಲಸ ತಡವಾಗಿ ಸಿಕ್ಕರೆ ಕಂತು ಯಾರು ಕಟ್ಟುವರೆಂಬ ಪ್ರಶ್ನೆಗೆ ಉತ್ತರ ಸಿದ್ಧವಿರಬೇಕು.

ಸ್ವಂತ ಹಣ ಕಳುಹಿಸುವವರಿಗೆ ಇನ್ನೊಂದು ಮಾತು. ರಿಸರ್ವ್ ಬ್ಯಾಂಕಿನ ಯೋಜನೆಯಂತೆ ಒಬ್ಬರು ಆರ್ಥಿಕ ವರ್ಷವೊಂದರಲ್ಲಿ 2,50,000 ಅಮೆರಿಕನ್ ಡಾಲರುಗಳವರೆಗೆ ಹೊರದೇಶಕ್ಕೆ ಕಳುಹಿಸಬಹುದು. 2025ರ ಏಪ್ರಿಲ್ 1ರಿಂದ ಹತ್ತು ಲಕ್ಷ ರೂಪಾಯಿಗಳವರೆಗೆ ಮೂಲದಲ್ಲಿ ತೆರಿಗೆ ವಸೂಲಿಯಿಲ್ಲ. ನಿಗದಿತ ಹಣಕಾಸು ಸಂಸ್ಥೆಯ ಶಿಕ್ಷಣ ಸಾಲದಿಂದ ಕಳುಹಿಸುವ ಹಣಕ್ಕೆ ಮಿತಿ ಮೀರಿದರೂ ಈ ತೆರಿಗೆಯಿಲ್ಲ. ವಸೂಲಾದ ತೆರಿಗೆಯನ್ನು ಆದಾಯ ತೆರಿಗೆಯ ವಿವರ ಸಲ್ಲಿಸುವಾಗ ಹೊಂದಿಸಿಕೊಳ್ಳಬಹುದು.

ಹೆಸರಿನ ಗೊಂದಲ

ಹೊರನಾಡಿನ ಕನ್ನಡಿಗರಿಗೆ ವಿಶೇಷವಾಗಿ ಕಾಡುವ ತೊಡಕೊಂದಿದೆ. ಊರಿನ ದಾಖಲೆಯಲ್ಲಿ ತಂದೆಯ ಹೆಸರಿನ ಮುಂದೆ ಕೇವಲ ಇನಿಶಿಯಲ್ ಇರುತ್ತದೆ. ಮಹಾರಾಷ್ಟ್ರ ಮಂಡಳಿಯ ಅಂಕಪಟ್ಟಿಯಲ್ಲಿ ಕುಲನಾಮ ಮೊದಲು, ವಿದ್ಯಾರ್ಥಿಯ ಹೆಸರು ಅನಂತರ, ತಂದೆಯ ಹೆಸರು ಕೊನೆಗೆ. ಪಾಸ್‌ಪೋರ್ಟಿನಲ್ಲಿ ಇನ್ನೊಂದು ಕ್ರಮ. ತಂದೆಯ ಖಾತೆಯ ಹಣವನ್ನು ತೋರಿಸಲು ಜನನ ಪ್ರಮಾಣಪತ್ರವನ್ನೂ ಕೊಡಬೇಕಾದಾಗ ಈ ವ್ಯತ್ಯಾಸ ಎದ್ದು ಕಾಣುತ್ತದೆ. ಪ್ರಮಾಣಪತ್ರವು ಕನ್ನಡ ಅಥವಾ ಮರಾಠಿಯಲ್ಲಿದ್ದರೆ ದೃಢೀಕೃತ ಇಂಗ್ಲಿಷ್ ಅನುವಾದವೂ ಬೇಕು. ಎಲ್ಲ ದಾಖಲೆಗಳನ್ನೂ ಒಮ್ಮೆ ಮೇಜಿನ ಮೇಲೆ ಹರಡಿ ತಾಳೆ ನೋಡುವುದು ಮೊದಲ ಕೆಲಸವಾಗಲಿ.

ಅಮೆರಿಕದ ಹೊಸ ಕ್ರಮಗಳು

ಅಮೆರಿಕವು 2025ರ ಜೂನ್‌ನಿಂದ ವಿದ್ಯಾರ್ಥಿ ವೀಸಾ ಅರ್ಜಿದಾರರ ಸಾಮಾಜಿಕ ಜಾಲತಾಣಗಳ ಖಾತೆಗಳನ್ನು ಸಾರ್ವಜನಿಕ ವೀಕ್ಷಣೆಗೆ ತೆರೆದಿಡಲು ಸೂಚಿಸಿತು. ಸಂದರ್ಶನಕ್ಕೆ ಬೇಗ ದಿನಾಂಕ ಸಿಗಲೆಂದು ಮೂರನೆಯ ದೇಶಕ್ಕೆ ಹೋಗುವ ದಾರಿಯೂ ಸೆಪ್ಟೆಂಬರಿನಿಂದ ಮುಚ್ಚಿತು. ಅರ್ಜಿದಾರರು ತಮ್ಮ ಸ್ವದೇಶದಲ್ಲಿಯೋ ವಾಸಿಸುವ ದೇಶದಲ್ಲಿಯೋ ಅರ್ಜಿ ಸಲ್ಲಿಸಬೇಕೆಂಬುದು ನಿಯಮ. ಮಗಳ ಬಾಣಂತನಕ್ಕೆಂದು ಹೊರಡುವ ಹಿರಿಯರೂ ಗಮನಿಸಬೇಕಾದ ಅಂಶವೊಂದಿದೆ. 79 ವರ್ಷ ದಾಟಿದವರಿಗೆ ಇದ್ದ ಸಂದರ್ಶನದ ವಿನಾಯಿತಿಯನ್ನು 2025ರ ಸೆಪ್ಟೆಂಬರ್ 2ರಿಂದ ಹಿಂತೆಗೆದುಕೊಳ್ಳಲಾಗಿದೆ.

ಒಂದು ವರ್ಷದ ಸಿದ್ಧತೆ

ಪ್ರವೇಶಪತ್ರ ಕೈಸೇರಿದ ಮೇಲೆ ಹಣದ ಚಿಂತೆ ಮಾಡುವ ಕಾಲ ಹೋಯಿತು. ಕನಿಷ್ಠ ಒಂದು ವರ್ಷ ಮೊದಲೇ ದಾಖಲೆಗಳ ಹೆಸರು ಸರಿಪಡಿಸುವುದು, ಆರು ತಿಂಗಳ ಮೊದಲೇ ಸಾಲದ ಮಾತುಕತೆ ಆರಂಭಿಸುವುದು, ಉಳಿತಾಯವನ್ನು ಒಂದೇ ಖಾತೆಯಲ್ಲಿ ಕ್ರಮವಾಗಿ ಬೆಳೆಯಲು ಬಿಡುವುದು ಸೂಕ್ತ. ಇಲ್ಲಿ ಹೇಳಿದ ಮೊತ್ತಗಳು ಮತ್ತೆ ಏರುವ ಸಂಭವವಿದೆ. ಅರ್ಜಿ ತುಂಬುವ ದಿನ ಆಯಾ ದೇಶದ ಸರಕಾರದ ಅಧಿಕೃತ ತಾಣವನ್ನು ವಿದ್ಯಾರ್ಥಿಯೇ ಸ್ವತಃ ಓದಿ ನೋಡಬೇಕು.

ನಮ್ಮ ಹಿರಿಯರು ಸಾಲಕ್ಕೆ ಅಂಜುತ್ತಿದ್ದರು, ಲೆಕ್ಕವನ್ನು ಚೊಕ್ಕವಾಗಿ ಇಡುತ್ತಿದ್ದರು. ಆ ಎರಡನೆಯ ಗುಣವೇ ಇಂದು ಮೊಮ್ಮಕ್ಕಳ ವೀಸಾಕ್ಕೆ ಬಲವಾದ ಆಧಾರ. ನಮ್ಮ ಮಕ್ಕಳು ನೇರವಾದ ಹಾದಿಯಲ್ಲಿ ಹೋಗಿ, ಓದಿ, ನೆಮ್ಮದಿಯಿಂದ ಬಾಳಲಿ ಎಂಬುದೇ ನಮ್ಮ ಹಾರೈಕೆ.