ರಕ್ತತಪಾಸಣೆಯ ಕಾರ್ಡು ಮತ್ತು ಉದ್ಯೋಗದಾತರ ಹೊಣೆ

ಬಿಳಿಗಿರಿರಂಗನಬೆಟ್ಟದ ಪೋಡುಗಳಿಂದಲೂ ಬಂಡೀಪುರದಂಚಿನ ಹಾಡಿಗಳಿಂದಲೂ ಕೂಲಿಗೆ ಬರುವ ಸೋಲಿಗರು, ಜೇನುಕುರುಬರ ಸಮುದಾಯಗಳಲ್ಲಿ ಕುಡುಗೋಲು ಕಣ ರಕ್ತಹೀನತೆ, ಅಂದರೆ ಸಿಕಲ್ ಸೆಲ್ ಅನೀಮಿಯಾ, ವಂಶಪಾರಂಪರ್ಯವಾಗಿ ಕಂಡುಬರುತ್ತದೆ. 2023ರ ಜುಲೈ 1ರಂದು ಆರಂಭವಾದ ರಾಷ್ಟ್ರೀಯ ಅಭಿಯಾನವು ಬುಡಕಟ್ಟು ಪ್ರದೇಶಗಳ 7 ಕೋಟಿ ಜನರ ತಪಾಸಣೆಯ ಗುರಿ ಹೊಂದಿದ್ದು, ಫಲಿತಾಂಶ ನಮೂದಿಸಿದ ಕಾರ್ಡನ್ನು ಅವರಿಗೆ ನೀಡಲಾಗುತ್ತದೆ. ಆ ಕಾರ್ಡು ಚಾಮರಾಜನಗರದ ಕರಿಕಲ್ಲು ಕ್ವಾರಿಯ ಅಥವಾ ಗುಂಡ್ಲುಪೇಟೆಯ ಅರಿಸಿನ ಮಂಡಿಯ ಮೇಸ್ತ್ರಿಯ ಕೈಸೇರಿದರೆ ಆಗುವುದೇನೆಂದು ಜಿಲ್ಲೆಯ ಉದ್ಯಮಿಗಳು ಆಲೋಚಿಸಬೇಕಾಗಿದೆ.

ಕಾರ್ಡಿನಲ್ಲಿ ‘ವಾಹಕ’ ಎಂದಿದ್ದರೆ ಆ ವ್ಯಕ್ತಿ ರೋಗಿಯಲ್ಲ. ತಂದೆ ತಾಯಿಯರಲ್ಲಿ ಒಬ್ಬರಿಂದ ಮಾತ್ರ ಆ ಜೀನ್ ಪಡೆದವನು ಸಾಮಾನ್ಯವಾಗಿ ಎಲ್ಲರಂತೆ ದುಡಿಯಬಲ್ಲ. ತೀವ್ರ ಮಲೇರಿಯಾದಿಂದ ಅವನಿಗೆ ಒಂದಿಷ್ಟು ರಕ್ಷಣೆಯೂ ಉಂಟು. ಇಬ್ಬರು ವಾಹಕರು ವಿವಾಹವಾದರೆ ಪ್ರತಿ ಮಗುವಿಗೂ ರೋಗ ಬರುವ ಸಂಭವ ಶೇ. 25. ಆದುದರಿಂದ ಈ ಮಾಹಿತಿ ಬೇಕಾದದ್ದು ಮದುವೆಯ ಮಾತುಕತೆಗೆ, ಹಾಜರಿ ಪುಸ್ತಕಕ್ಕಲ್ಲ. ಅಮೆರಿಕದಲ್ಲಿ 1970ರ ದಶಕದಲ್ಲಿ ಈ ಭೇದವನ್ನರಿಯದೆ ವಾಹಕರಿಗೂ ಉದ್ಯೋಗ, ವಿಮೆಗಳನ್ನು ನಿರಾಕರಿಸಿದ್ದುಂಟು. ಜೆನೆಟಿಕ್ ಮಾಹಿತಿಯ ಆಧಾರದ ತಾರತಮ್ಯವನ್ನು ನಿಷೇಧಿಸುವ ಕಾಯ್ದೆ ಅಲ್ಲಿ ಬಂದದ್ದು 2008ರಲ್ಲಿ.

ಭಾರತದಲ್ಲಿ ಅಂಥ ಪ್ರತ್ಯೇಕ ಕಾಯ್ದೆಯಿಲ್ಲ. ಇರುವ ರಕ್ಷಣೆ ಅಲ್ಲಲ್ಲಿ ಚದುರಿದೆ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯು ಸಿಕಲ್ ಸೆಲ್ ರೋಗವನ್ನು ತನ್ನ ಪಟ್ಟಿಯಲ್ಲಿ ಸೇರಿಸಿ ತಾರತಮ್ಯವನ್ನು ನಿಷೇಧಿಸುತ್ತದೆ. ಖಾಸಗಿ ಸಂಸ್ಥೆಗಳೂ ಸಮಾನ ಅವಕಾಶ ನೀತಿಯನ್ನು ಪ್ರಕಟಿಸಬೇಕು. ಕಾಯ್ದೆಯ ಮೊದಲ ಉಲ್ಲಂಘನೆಗೆ 10,000 ರೂ.ವರೆಗೆ ದಂಡವಿದೆ. ವಿಚಿತ್ರವೆಂದರೆ, ರೋಗಿಗಿರುವ ಈ ಆಸರೆ ಆರೋಗ್ಯವಂತ ವಾಹಕನಿಗಿಲ್ಲ! ವಿಮೆಯ ವಿಷಯದಲ್ಲಿ, ಜೆನೆಟಿಕ್ ಕಾರಣದ ತಾರತಮ್ಯ ಸಂವಿಧಾನಬಾಹಿರವೆಂದು 2018ರಲ್ಲಿ ದೆಹಲಿ ಹೈಕೋರ್ಟ್ ಹೇಳಿತು; ಅದೇ ವರ್ಷ ಸುಪ್ರೀಂ ಕೋರ್ಟ್ ಆ ತೀರ್ಪಿನ ಒಂದು ಭಾಗಕ್ಕೆ ತಡೆ ನೀಡಿತು.

ಖಾಸಗಿತನ ಮೂಲಭೂತ ಹಕ್ಕೆಂದು ಸುಪ್ರೀಂ ಕೋರ್ಟ್ 2017ರಲ್ಲಿ ಸಾರಿದ್ದು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರ ಅರ್ಜಿಯ ಮೇಲೆ. ಅದರ ಹಿಂದೆಯೇ 2023ರಲ್ಲಿ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಬಂದಿತು. ನಿಯಮಗಳು ಪ್ರಕಟವಾದದ್ದು 2025ರ ನವೆಂಬರಿನಲ್ಲಿ. ಮೇಸ್ತ್ರಿ ಮೊಬೈಲಿನಲ್ಲಿ ತೆಗೆದ ಕಾರ್ಡಿನ ಚಿತ್ರವೂ ವೈಯಕ್ತಿಕ ದತ್ತಾಂಶವೇ ಎಂಬುದನ್ನು ಮಾಲೀಕರು ಈಗಲೇ ಮನಗಾಣುವುದೊಳಿತು.

ಕಾರ್ಡು ತೋರಿಸಿದ್ದಕ್ಕೆ ಕೂಲಿ ತಪ್ಪಿತೆಂಬ ಸುದ್ದಿ ಪೋಡಿಗೆ ಮುಟ್ಟಿದರೆ ಮುಂದಿನ ತಪಾಸಣಾ ಶಿಬಿರಕ್ಕೆ ಯಾರೂ ಬರಲಾರರು. ರೋಗವಿರುವವರಿಗೆ ದೇಹದಲ್ಲಿ ನೀರು ಕಡಿಮೆಯಾಗುವುದು, ಅತಿಶ್ರಮ, ಚಳಿ ಇವು ತೀವ್ರ ನೋವನ್ನು ತರುತ್ತವೆ. ಕೆಲಸದ ಸ್ಥಳದಲ್ಲಿ ಕುಡಿಯುವ ನೀರು, ನೆರಳು, ಮಧ್ಯಂತರ ವಿಶ್ರಾಂತಿ ಒದಗಿಸಲು ಯಾರ ರಕ್ತದ ವರದಿಯನ್ನೂ ಕೇಳಬೇಕಾಗಿಲ್ಲ.