ಹಿತ್ತಲಿನ ಹತ್ತು ಕೋಳಿಗಳು

ಬೀದರ ಜಿಲ್ಲೆಯಲ್ಲಿ ಬಸವಕಲ್ಯಾಣ-ಹುಮನಾಬಾದಗಳ ಸೀಮೆಗೆ ಸೇರಿದ ಊರು ಗೋರ್ಟಾ (ಬಿ). ಹಳೆಯ ನಿಜಾಮ ಸೀಮೆಯಲ್ಲಿ ಒಂದೇ ಹೆಸರಿನ ಎರಡು ಊರುಗಳಿದ್ದರೆ ಹಿರಿದಕ್ಕೆ ‘ಬುಜುರ್ಗ’ವೆಂದೂ ಕಿರಿದಕ್ಕೆ ‘ಖುರ್ದ’ವೆಂದೂ ಕರೆಯುವ ವಾಡಿಕೆಯುಂಟು; ಆ ಬುಜುರ್ಗವೇ ಈ ‘ಬಿ’. ಜೋಳ, ತೊಗರಿಗಳ ರಾಶಿ ಮುಗಿದ ಮೇಲೆ ಇಂಥ ಊರಿನ ಹಿತ್ತಲುಗಳಲ್ಲಿ ಕಣಿಕೆಯ ಬಣವೆಯ ಬುಡವನ್ನು ಕೆದಕುತ್ತಿರುವ ಹತ್ತೆಂಟು ಕೋಳಿಗಳನ್ನು ಯಾರು ಕಂಡಿಲ್ಲ? ಉದುರಿದ ಕಾಳು, ಗೆದ್ದಲು, ಹುಳು, ಎಳೆಯ ಹುಲ್ಲು ಇವೇ ಅವುಗಳ ಆಹಾರ. ನಡುನಡುವೆ ಸಣ್ಣ ಹರಳುಗಳನ್ನೂ ನುಂಗುತ್ತವೆ. ಹಲ್ಲಿಲ್ಲದ ಹಕ್ಕಿಗೆ ಆ ಹರಳುಗಳೇ ಬೀಸುವ ಕಲ್ಲು.

ಆ ಕೋಳಿಗಳ ಕಾಲುಗಳನ್ನೊಮ್ಮೆ ನೋಡಬೇಕು. ಸಾಕುಕೋಳಿಯ ಮೂಲಪುರುಷ ಆಗ್ನೇಯ ಏಷ್ಯದ ಕೆಂಪು ಕಾಡುಕೋಳಿಯೆಂಬುದು ನಿಜ. ಆದರೆ ಹಳದಿ ಚರ್ಮದ ಗುಣವು ನಮ್ಮ ಸಹ್ಯಾದ್ರಿಯಲ್ಲಿಯೂ ಕೂಗುವ ಬೂದು ಕಾಡುಕೋಳಿಯಿಂದ ಬಂದುದೆಂದು 2008ರಲ್ಲಿ ಪ್ರಕಟವಾದ ಸಂಶೋಧನೆಯೊಂದು ತೋರಿಸಿತು. ಲೋಕದ ಎಲ್ಲೆಡೆ ಹಳದಿ ಕಾಲೂರಿ ನಡೆಯುವ ಕೋಳಿಗಳು ದಕ್ಷಿಣ ಭಾರತದ ಕಾಡಿಗೆ ಅಷ್ಟರಮಟ್ಟಿಗೆ ಋಣಿಗಳು!

ಒಂದು ಮೊಟ್ಟೆ ಸಿದ್ಧವಾಗಲು ಸುಮಾರು 25 ಗಂಟೆಗಳು ಬೇಕು. ಅದರಲ್ಲಿ 20 ಗಂಟೆಗಳಷ್ಟು ಕಾಲ ಚಿಪ್ಪಿನ ಕೆಲಸಕ್ಕೇ ಹೋಗುತ್ತದೆ. ಬೀದರ ಸೀಮೆಯ ಬಿರುಬೇಸಿಗೆಯಲ್ಲಿ ಈ ಚಿಪ್ಪು ತೆಳುವಾಗುವುದನ್ನು ಮನೆಯ ಹೆಂಗಸರು ಚೆನ್ನಾಗಿ ಬಲ್ಲರು. ಕಾರಣವೇನು? ಕೋಳಿಗೆ ಬೆವರುವ ಶಕ್ತಿಯಿಲ್ಲ. ಬಾಯಿ ತೆರೆದು ಏದುಸಿರು ಬಿಟ್ಟೇ ಅದು ಮೈಯನ್ನು ತಂಪುಮಾಡಿಕೊಳ್ಳಬೇಕು. ಹಾಗೆ ಏದುವಾಗ ರಕ್ತದಲ್ಲಿನ ಇಂಗಾಲದ ಡೈಆಕ್ಸೈಡು ವಿಪರೀತವಾಗಿ ಹೊರಹೋಗುತ್ತದೆ. ಚಿಪ್ಪೆಂಬುದು ಕ್ಯಾಲ್ಸಿಯಂ ಕಾರ್ಬೊನೇಟು; ಕಾರ್ಬೊನೇಟಿಗೇ ಕೊರತೆ ಬಂದರೆ ಸುಣ್ಣವಿದ್ದೂ ಗೋಡೆ ಏಳದು. ನೆರಳು ಮತ್ತು ತಣ್ಣೀರು ಆಗ ಮೇವಿಗಿಂತ ಮುಖ್ಯ. ಬೇಸಿಗೆಯ ಇನ್ನೊಂದು ಕೇಡು ಕಣ್ಣಿಗೆ ಕಾಣದು. ಉಷ್ಣಮಾನವು ಸುಮಾರು 27 ಡಿಗ್ರಿಯನ್ನು ದಾಟಿದರೆ ಕಾವಿಲ್ಲದೆಯೇ ಭ್ರೂಣವು ಅರೆಬರೆಯಾಗಿ ಬೆಳೆಯತೊಡಗಿ ಸತ್ತುಹೋಗುತ್ತದೆ. ಆದುದರಿಂದಲೇ ಮರಿಗಾಗಿ ಕೂಡಿಡುವ ಮೊಟ್ಟೆಗಳನ್ನು ಒದ್ದೆ ಮರಳಿನ ಮೇಲಿಟ್ಟ ಮಣ್ಣಿನ ಪಾತ್ರೆಯಲ್ಲಿ ತಂಪಾಗಿಡುವುದು ಲೇಸು.

ನಾಟಿ ಹೇಟೆ ಕೆಲವು ಮೊಟ್ಟೆಗಳನ್ನಿಟ್ಟು ಕಾವಿಗೆ ಕೂರುತ್ತದೆ. ಮೆದುಳಿನ ಬುಡದ ಪಿಟ್ಯುಟರಿ ಗ್ರಂಥಿಯಿಂದ ಒಸರುವ ಪ್ರೊಲ್ಯಾಕ್ಟಿನ್ ಎಂಬ ಹಾರ್ಮೋನು ಹೆಚ್ಚಿದಂತೆ ಮೊಟ್ಟೆ ನಿಲ್ಲುತ್ತದೆ, ತಾಯ್ತನ ಮೊದಲಾಗುತ್ತದೆ. 21 ದಿನ ಹೇಟೆ ಹೆಚ್ಚುಕಡಿಮೆ ಉಪವಾಸವಿದ್ದು, ಮೊಟ್ಟೆಗಳನ್ನು ದಿನಕ್ಕೆ ಹಲವು ಬಾರಿ ಕೊಕ್ಕಿನಿಂದ ಹೊರಳಿಸುತ್ತದೆ. ಹೊರಳಿಸದಿದ್ದರೆ ಭ್ರೂಣವು ಚಿಪ್ಪಿನ ಒಳಪೊರೆಗೆ ಅಂಟಿಕೊಂಡೀತು. ಬೆಂಗಳೂರಿನ ಹೆಬ್ಬಾಳದಲ್ಲಿ ಕೃಷಿ ವಿಶ್ವವಿದ್ಯಾನಿಲಯವು ರೂಪಿಸಿ 1989ರಲ್ಲಿ ಹೊರತಂದ ‘ಗಿರಿರಾಜ’ ತಳಿಯು ನಾಟಿಗಿಂತ ಎಷ್ಟೋ ಹೆಚ್ಚು ಮೊಟ್ಟೆಯಿಡುತ್ತದೆ, ಬೇಗ ತೂಗುತ್ತದೆ. ಆದರೆ ಕಾವಿಗೆ ಕೂರುವ ಗುಣವನ್ನು ಬಹುಮಟ್ಟಿಗೆ ಮರೆತಿದೆ. ಜಾಣ ಒಕ್ಕಲುಗಿತ್ತಿಯರು ಗಿರಿರಾಜದ ಮೊಟ್ಟೆಯನ್ನು ನಾಟಿ ಹೇಟೆಯ ಮಡಿಲಿಗಿಡುತ್ತಾರೆ. ಹೆಬ್ಬಾಳದ ಪಶುವೈದ್ಯ ಕಾಲೇಜು ಈಗ ಬೀದರಿನ ಪಶುವೈದ್ಯಕೀಯ ವಿಶ್ವವಿದ್ಯಾನಿಲಯಕ್ಕೆ ಸೇರಿದೆಯೆಂಬುದನ್ನು ಗೋರ್ಟಾದ ವಿದ್ಯಾರ್ಥಿಗಳು ಅಭಿಮಾನದಿಂದ ನೆನೆಯಬಹುದು.

ಈಗ ದುಃಖದ ಸಂಗತಿ. ಒಂದು ವರ್ಷ ನಮ್ಮ ಹಿತ್ತಲಿನ ಹನ್ನೆರಡು ಕೋಳಿಗಳಲ್ಲಿ ಹತ್ತು ಎಂಟೇ ದಿನಗಳಲ್ಲಿ ಸತ್ತವು. ಮೊದಲು ಹಸಿರು ಭೇದಿ, ಬಳಿಕ ಗೊರಗೊರ ಉಸಿರು, ಕೊನೆಗೆ ಕತ್ತು ತಿರುಚಿ ಬೀಳುವುದು. ಸಂತೆಯಿಂದ ತಂದ ಹುಂಜವನ್ನು ಅದೇ ಸಂಜೆ ಹಳೆಯವುಗಳೊಡನೆ ಬಿಟ್ಟಿದ್ದೆವು. ತಪ್ಪು ನಮ್ಮದೇ. ಹೊಸ ಹಕ್ಕಿಯನ್ನು ಎರಡು ಮೂರು ವಾರ ಬೇರೆಯಾಗಿಟ್ಟು ನೋಡಬೇಕಿತ್ತು. ಇದು ರಾಣಿಖೇತ್ ರೋಗ, ವೈರಸ್ಸಿನಿಂದ ಬರುವಂಥದು. 1926ರಲ್ಲಿ ಜಾವಾದಲ್ಲಿಯೂ ಇಂಗ್ಲೆಂಡಿನ ನ್ಯೂಕ್ಯಾಸಲ್‌ನಲ್ಲಿಯೂ ಕಾಣಿಸಿಕೊಂಡು, ಆ ದಶಕ ಮುಗಿಯುವುದರೊಳಗೆ ಕುಮಾವೂನಿನ ರಾಣಿಖೇತಿಗೂ ಬಂದು, ಆ ಗಿರಿಧಾಮಕ್ಕೆ ಬೇಡದ ಕೀರ್ತಿಯನ್ನು ತಂದಿತು. ತಗುಲಿದ ಮೇಲೆ ಔಷಧವಿಲ್ಲ, ಇರುವುದು ಲಸಿಕೆಯೊಂದೇ. ಮರಿಗೆ ಮೊದಲ ವಾರದಲ್ಲಿ ಕಣ್ಣಿಗೋ ಮೂಗಿಗೋ ಲಸೋಟ ಲಸಿಕೆಯ ಒಂದು ತೊಟ್ಟು. ಎರಡು ತಿಂಗಳ ಸುಮಾರಿಗೆ ರೆಕ್ಕೆಯ ಕೆಳಗೆ ಆರ್‌ಟುಬಿ ಚುಚ್ಚುಮದ್ದು.

ಲಸಿಕೆಯ ಬೆಲೆ ದೊಡ್ಡದಲ್ಲ; ತೊಡಕು ಇರುವುದು ಸೀಸೆಯಲ್ಲಿ. ಅದು ಸಾಮಾನ್ಯವಾಗಿ ನೂರು ಅಥವಾ ಅದಕ್ಕೂ ಹೆಚ್ಚು ಹಕ್ಕಿಗಳಿಗೆ ಆಗುವಷ್ಟು ಬರುತ್ತದೆ. 2ರಿಂದ 8 ಡಿಗ್ರಿಯ ತಂಪಿನಲ್ಲಿಯೇ ಇರಬೇಕು. ಕಲಸಿದ ಮೇಲೆ ಒಂದೆರಡು ಗಂಟೆಗಳೊಳಗೆ ಮುಗಿಸಬೇಕು. ಹತ್ತು ಕೋಳಿಗಳ ಒಡತಿ ಉಳಿದ ತೊಂಬತ್ತು ಪಾಲನ್ನು ಏನು ಮಾಡಿಯಾಳು? ಈ ಲೆಕ್ಕಕ್ಕೆ ಅಂಜಿಯೇ ಎಷ್ಟೋ ಮನೆಗಳು ಲಸಿಕೆಯನ್ನು ಕೈಬಿಡುತ್ತವೆ. ಆಸ್ಟ್ರೇಲಿಯದ ವಿಜ್ಞಾನಿಗಳು ಹಳ್ಳಿಗಳಿಗೆಂದೇ ತಾಪ ತಡೆಯುವ ಐ-2 ಎಂಬ ಲಸಿಕೆಯನ್ನು ರೂಪಿಸಿದುದು ಇದೇ ಬಗೆಯ ತೊಡಕುಗಳನ್ನು ಕಂಡು. ನಾವು ಮರುವರ್ಷ ಕಂಡುಕೊಂಡ ದಾರಿ ಇನ್ನೂ ಸರಳವಾದುದು. ಓಣಿಯ ಹನ್ನೊಂದು ಮನೆಗಳವರಿಗೆ ಹಿಂದಿನ ದಿನವೇ ಹೇಳಿಕಳುಹಿಸಿದೆವು. ಕತ್ತಲಾಗಿ ಕೋಳಿಗಳು ಗೂಡು ಸೇರಿದ ಮೇಲೆ, ಹಿಡಿಯಲು ಓಡಾಟವಿಲ್ಲದ ಆ ಹೊತ್ತಿನಲ್ಲಿ, ಮಂಜುಗಡ್ಡೆ ತುಂಬಿದ ಥರ್ಮಾಸಿನೊಡನೆ ಪಶುವೈದ್ಯಶಾಲೆಯ ಸಹಾಯಕರು ಬಂದರು. ಒಬ್ಬ ಹುಡುಗ ಕಂದೀಲು ಹಿಡಿದ, ಮತ್ತೊಬ್ಬ ಎಣಿಸಿದ. ಎಂಟು ಗಂಟೆಯೊಳಗೆ 94 ಕೋಳಿಗಳು ಮುಗಿದವು.