ಸಾಂಕ್ರಾಮಿಕ ಕಾಲದಲ್ಲಿ ಮಕ್ಕಳ ಮನಸ್ಸಿನ ಆರೈಕೆ



2020ರ ಮಾರ್ಚ್ 25ರಂದು ಕೊರೋನಾ ನಿಮಿತ್ತ ದೇಶಕ್ಕೆಲ್ಲ ಬೀಗ ಬಿದ್ದದ್ದು ನಿಮಗೆ ನೆನಪಿರಬಹುದು. ಸಂತೆಗಳು ನಿಂತವು, ಎಷ್ಟೋ ಕಡೆ ತರಕಾರಿ ಹೊಲದಲ್ಲೇ ಕೊಳೆಯಿತು. ಬೆಳೆ ನಷ್ಟದ ಲೆಕ್ಕ ಇಟ್ಟೆವು. ಆದರೆ ನಮ್ಮ ರಾಜ್ಯದಲ್ಲಿ ಒಂದರಿಂದ ಐದನೇ ತರಗತಿಯ ಮಕ್ಕಳಿಗೆ ಶಾಲೆ ಮತ್ತೆ ತೆರೆದದ್ದು 2021ರ ಅಕ್ಟೋಬರ್ 25ರಂದು. ಅಲ್ಲಿಯವರೆಗೆ ಅವರ ಮನಸ್ಸಿಗಾದ ನಷ್ಟವನ್ನು ಎಣಿಸಿದವರು ಕಡಿಮೆ. ಇಂಥ ರೋಗ ಮತ್ತೆ ಬಂದರೆ ಮಾಡಬೇಕಾದ್ದನ್ನು ಈಗಲೇ ತಿಳಿದಿರುವುದು ಲೇಸು.

ಮಕ್ಕಳು ಭಯವನ್ನು ಬಾಯಿಬಿಟ್ಟು ಹೇಳಲಾರರು. ಹೊಟ್ಟೆನೋವೆನ್ನುತ್ತಾರೆ, ಹಾಸಿಗೆ ಒದ್ದೆ ಮಾಡುತ್ತಾರೆ, ಸಿಡುಕುತ್ತಾರೆ, ತಾಯಿಯ ಸೆರಗು ಬಿಡುವುದಿಲ್ಲ. ಹೊಡೆದರೆ ಭಯ ಹೆಚ್ಚುತ್ತದೆ. ಕೇಳಿದ್ದಕ್ಕೆ ನಿಜವನ್ನೇ, ವಯಸ್ಸಿಗೆ ತಕ್ಕಷ್ಟು ಹೇಳಿರಿ. ಊಟ, ಪಾಠ, ಆಟ, ನಿದ್ರೆಗೆ ಹೊತ್ತು ಗೊತ್ತುಮಾಡಿರಿ. ಕರುವಿಗೆ ನೀರು ಕುಡಿಸುವಂಥ ಸಣ್ಣ ಕೆಲಸ ಒಪ್ಪಿಸಿರಿ. ಕೂಲಿಗೆ ಮಾತ್ರ ಕಳಿಸಬೇಡಿರಿ. ಸಾಲದ ಜಗಳ ಅವರ ಮುಂದೆ ಬೇಡ.

ದೊಡ್ಡವರ ಮನಸ್ಸೂ ಕುಗ್ಗುತ್ತದೆ. ನಿದ್ರೆ ಕೆಟ್ಟು, ಮಾತು ಬಿಟ್ಟು, ಕುಡಿತ ಹೆಚ್ಚಿದವರನ್ನು ಒಂಟಿಯಾಗಿ ಬಿಡಬೇಡಿರಿ. ಕೀಟನಾಶಕದ ಡಬ್ಬಿಗಳನ್ನು ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿರಿ. ವಿಷ ಕೈಗೆ ಸಿಗದಿದ್ದರೆ ಆ ಕೆಟ್ಟ ಗಳಿಗೆ ಕಳೆದುಹೋಗಿ ಜೀವ ಉಳಿಯಬಹುದು; ಮಕ್ಕಳಿಗೂ ಅಪಾಯ ತಪ್ಪುತ್ತದೆ.

2022ರ ಅಕ್ಟೋಬರ್‌ನಲ್ಲಿ ಕೇಂದ್ರ ಸರ್ಕಾರ ಟೆಲಿ-ಮಾನಸ್ ಸೇವೆ ಆರಂಭಿಸಿದೆ. 14416 ಸಂಖ್ಯೆಗೆ ಹಗಲಿರುಳು ಯಾವಾಗ ಬೇಕಾದರೂ ಉಚಿತವಾಗಿ ಫೋನ್ ಮಾಡಿ ಕನ್ನಡದಲ್ಲೇ ಮಾತಾಡಬಹುದು. ಎತ್ತಿಗೆ ಜ್ವರ ಬಂದರೆ ಪಶುವೈದ್ಯರನ್ನು ಕರೆಯಲು ನಾಚುವುದಿಲ್ಲ. ಮನಸ್ಸಿನ ಕಾಯಿಲೆಗೂ ನಾಚಿಕೆ ಬೇಡ. ಈ ಸಂಖ್ಯೆಯನ್ನು ಮನೆಯ ಗೋಡೆಯ ಮೇಲೆ ಬರೆದಿಡಿರಿ.